ಕ್ಲೀವ್ ಗುಡ್ಡದ ಮೇಲೆ ಬಿದ್ದ ಕಲ್ಲು

ಚೆಲ್ಟನ್‌ಹ್ಯಾಮ್
ಮೇ 12, 1831

ನನ್ನ ಪ್ರೀತಿಯ ಡಮಾರಿಸ್ ಅಕ್ಕನಿಗೆ ಹೆಸ್ಟರ್ ಮಾಡುವ ವಂದನೆಗಳು.

ಗ್ಲಾಸ್ಟರ್‌ನಿಂದ ನೀವು ಬರೆದ ಕಾಗದ ಸೋಮವಾರ ಕೈಸೇರಿತು. ರೋಗಿಗಳಿಗೆ ಔಷಧದ ನೀರು ತುಂಬಿಸಿಕೊಡುತ್ತ ಬಾವಿಯ ಕಟ್ಟೆಯಲ್ಲಿ ನಿಂತೇ ಓದಿದೆ. ಓದುತ್ತ ಓದುತ್ತ ಎದುರಿಗಿದ್ದ ಕರ್ನಲ್ ಸಾಹೇಬರ ಲೋಟ ತುಂಬಿ ಚೆಲ್ಲಿದ್ದೇ ತಿಳಿಯಲಿಲ್ಲ. ಕುಡಿಯುವ ನೀರನ್ನು ಬೂಟಿಗೆ ಸುರಿದರೆ ತಮ್ಮ ಕೀಲುನೋವು ಬೇಗ ಹೋಗುತ್ತದೆಯೇ ಎಂದು ಅವರು ಕೇಳಿದರು. ಸುತ್ತಲಿನವರು ನಕ್ಕರು. ನನಗೆ ಅಳು ಬಂತು.

ಎರಡು ವರ್ಷದ ಹಿಂದೆ ಗುಡ್ಡದ ಕುದುರೆ ರೇಸ್ ನಿಲ್ಲಿಸಲೆಂದು ನನ್ನ ಗಂಡ ಎನೋಕನ ಕುದುರೆಗೆ ಕಲ್ಲು ಹೊಡೆದು, ಅವನನ್ನು ಕೆಡವಿ ಕಾಲು ಮುರಿದವನು ನಿಮ್ಮ ತಮ್ಮ ಜಾಬೆಜ್ ಎಂದು ಬರೆದಿದ್ದೀರಿ. ನಮ್ಮನ್ನು ಆರು ವಾರ ನಿಮ್ಮ ಮನೆಯಲ್ಲಿಟ್ಟು ನೋಡಿಕೊಂಡದ್ದು ಕರುಣೆಯಿಂದಲ್ಲ, ನಾವು ದೂರು ಕೊಟ್ಟರೆ ತಮ್ಮನನ್ನು ಹಿಡಿದು ಹಡಗು ಹತ್ತಿಸಿ ದೇಶ ಬಿಡಿಸುತ್ತಾರೆಂಬ ಹೆದರಿಕೆಯಿಂದ ಎಂದಿದ್ದೀರಿ. ಅವನು ಮನೆ ಬಿಟ್ಟು ಹೋದವನು ಎಲ್ಲಿದ್ದಾನೋ ತಿಳಿಯದು, ನಮ್ಮ ಉಪಕಾರ ಸ್ಮರಣೆ ನಿಮಗೆ ಸಲ್ಲದು, ಇನ್ನು ಬರೆಯಬೇಡ ಎಂದೂ ಹೇಳಿದ್ದೀರಿ.

ಅಕ್ಕಾ, ಅದು ನಮಗೆ ಗೊತ್ತಿತ್ತು.

ಎನೋಕ್ ಬೀಳುವಾಗಲೇ ಜಾಬೆಜ್‌ನ ಮುಖ ನೋಡಿದ್ದ. ಎರಡನೆಯ ದಿನ ನಿಮ್ಮ ಮನೆಯಲ್ಲೇ ಅವನನ್ನು ಗುರುತಿಸಿ ನನ್ನ ಕಿವಿಯಲ್ಲಿ ಹೇಳಿದ. ನಾನು ಶಾಲು ಹೊದ್ದುಕೊಂಡೆ. ನ್ಯಾಯಾಧೀಶರ ಮನೆಗೆ ಹೋಗಿ ಹೆಸರು ಹೇಳಿಬಿಡುವುದೆಂದು ಮೆಟ್ಟಿಲಿಳಿಯುತ್ತಿದ್ದೆ. ಆಗ ಕೋಣೆಯಲ್ಲಿ ವೈದ್ಯರು, ಕಾಲು ಉಳಿಯುವುದಿಲ್ಲ, ಇವತ್ತೇ ಕತ್ತರಿಸಬೇಕು ಎಂದದ್ದು ಕೇಳಿಸಿತು. ನೀವು ಬಾಗಿಲಿಗೆ ಅಡ್ಡ ನಿಂತಿರಿ.

"ಅವನು ಹತ್ತೋ ಕುದುರೆ ಮೇಲೆ ನನಗೆ ಸಿಟ್ಟಿದೆ, ಅವನ ಕಾಲಿನ ಮೇಲಿಲ್ಲ. ಮೂಳೆ ಕೂಡಿಸಿ ಕಟ್ಟಿ, ಡಾಕ್ಟ್ರೇ. ಗಾಯ ನಾನು ನೋಡ್ಕೋತೀನಿ," ಎಂದಿರಿ.

ನಾನು ವಾಪಸು ಹತ್ತಿ ಬಂದು ಶಾಲು ತೆಗೆದಿಟ್ಟೆ. ಎಲ್ಲಿಗೆ ಹೊರಟಿದ್ದೆ ಎಂದು ನೀವು ಕೇಳಿದಾಗ ಹಾಲು ತರಲು ಎಂದು ಸುಳ್ಳು ಹೇಳಿದೆ.

ಹೆದರಿಕೆಯಿಂದ ಮನೆಗೆ ಸೇರಿಸಿಕೊಂಡಿರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಎನೋಕನಿಗೆ ಈರುಳ್ಳಿ ಸೇರದೆಂದು ಸೂಪನ್ನು ಬೇರೆ ಪಾತ್ರೆಯಲ್ಲಿ ಕಾಯಿಸಿದ್ದು ಯಾವ ಹೆದರಿಕೆ? ಈ ಮನೆಯಲ್ಲಿ ಕುದುರೆಯ ಮಾತು ಎತ್ತಕೂಡದೆಂದು ಕಟ್ಟಪ್ಪಣೆ ಮಾಡಿದವರು, ನಾಲ್ಕನೆಯ ವಾರ ದೀಪ ಒರೆಸುತ್ತ, ಆ ಹೆಣ್ಣು ಕುದುರೆ ಗುಣವಾಯಿತೇನೋ ಎಂದು ನೀವೇ ಕೇಳಿದಿರಲ್ಲ. ಎನೋಕ್ ಅದನ್ನು ಇಂದಿಗೂ ಹೇಳಿಕೊಂಡು ನಗುತ್ತಾನೆ.

ಜಾಬೆಜ್ ಒಬ್ಬನನ್ನೇ ದೂರಲು ನನಗೆ ಮನಸ್ಸಿಲ್ಲ. ಹೊಲದಲ್ಲಿ ಪಾರಿವಾಳಗಳು ಉಪ್ಪು ಕುಕ್ಕುವುದನ್ನು ಕಂಡು ಇಲ್ಲಿ ಬಾವಿ ತೋಡಿದರೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ನೀರಿನ ಹಿಂದೆ ವೈದ್ಯರು ಬಂದರು, ವೈದ್ಯರ ಹಿಂದೆ ರೋಗಿಗಳು, ಅಜ್ಜಿಯ ಕಾಲಕ್ಕೆ ದೊರೆಯೇ ಬಂದು ಕುಡಿದ. ಬೆಳಿಗ್ಗೆ ನೀರು ಕುಡಿದವರಿಗೆ ಮಧ್ಯಾಹ್ನ ಹೊತ್ತು ಹೋಗಬೇಕಲ್ಲ, ಗುಡ್ಡದ ಮೇಲೆ ಕುದುರೆ ಓಡಿಸಿದರು. ನಾನು ನೀರು ತುಂಬಿಸಿ ಕೊಟ್ಟೆ, ಎನೋಕ್ ಸವಾರಿ ಮಾಡಿದ, ಇಬ್ಬರ ಹೊಟ್ಟೆಯೂ ತುಂಬಿತು. ಅದೇ ಗುಡ್ಡದಲ್ಲಿ ಜೂಜು, ಕುಡಿತಕ್ಕೆ ಬಿದ್ದು ಮನೆಗಳು ಹಾಳಾದದ್ದೂ ನಿಜ. ಅದರ ವಿರುದ್ಧ ಕರಪತ್ರ ಹಂಚಲು ತಮ್ಮನೊಡನೆ ಗುಡ್ಡ ಹತ್ತಿದ ನೀವು ಕರಪತ್ರಗಳನ್ನು ಹುಲ್ಲಿನ ಮೇಲೆ ಚೆಲ್ಲಿ, ಒಳಲಂಗ ಹರಿದು ಎನೋಕನ ಕಾಲು ಕಟ್ಟಿದಿರಿ. ನಮ್ಮ ರೇಸಿನವರು ಮುಂದಿನ ಓಟಕ್ಕೆ ಕುದುರೆ ಹೊಂದಿಸುತ್ತಿದ್ದರು.

ಹೋದ ವರ್ಷ ಗುಡ್ಡದ ಮೇಲಿನ ಪ್ರೇಕ್ಷಕರ ಅಟ್ಟಣೆ ಸುಟ್ಟುಹೋದದ್ದನ್ನು ಕೇಳಿರುತ್ತೀರಿ. ಈ ವರ್ಷ ಓಟ ಕೆಳಗೆ ಪ್ರೆಸ್‌ಬರಿಯ ಬಯಲಿಗೆ ಬರುತ್ತಿದೆ. ಎನೋಕ್ ಇನ್ನು ಸವಾರಿ ಮಾಡಲಾರ, ಅಲ್ಲಿನ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಾನೆ. ಸ್ವಲ್ಪ ಕುಂಟುತ್ತಾನೆ, ಆದರೆ ತನ್ನ ಎರಡು ಕಾಲಿನ ಮೇಲೆಯೇ ನಡೆಯುತ್ತಾನೆ.

ಉಪಕಾರ ಸ್ಮರಣೆ ಬೇಡವೆಂದರೆ ಅದು ಬಿಟ್ಟುಹೋಗುವುದಿಲ್ಲ, ಅಕ್ಕಾ. ಬಿಡುವಾದಾಗ ಒಮ್ಮೆ ಬನ್ನಿ. ಕುದುರೆ ನೋಡಲು ಕರೆಯುವುದಿಲ್ಲ, ನಮ್ಮನ್ನು ನೋಡಲು ಬನ್ನಿ.

ನಿಮ್ಮ ಮನೆಯಲ್ಲಿ ಆರು ವಾರ ಮಗಳಂತೆ ಇದ್ದ,
ಹೆಸ್ಟರ್ ಪಾರ್ಜಿಟರ್

ಮರೆತು ಬಿಟ್ಟದ್ದಲ್ಲ, ಹೇಳಲೋ ಬೇಡವೋ ಎಂದು ಇಲ್ಲಿಯವರೆಗೆ ಹಿಡಿದಿಟ್ಟದ್ದು: ಜಾಬೆಜ್‌ಗಾಗಿ ಕೊರಗಬೇಡಿ. ಅವನು ಈ ಊರಿನಲ್ಲೇ ಇದ್ದಾನೆ. ಚಳಿಗಾಲದಿಂದ ಪ್ರತಿ ಭಾನುವಾರ ಪ್ರಾರ್ಥನೆ ಮುಗಿಸಿಕೊಂಡು ಲಾಯಕ್ಕೆ ಬಂದು, ಕೋಟು ಕಳಚಿ, ಎನೋಕ್ ಎತ್ತಲಾರದ ನೀರು ಹೊರುತ್ತಾನೆ. ಯಾಕೆ ಬರುತ್ತೀ ಎಂದು ಎನೋಕ್ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಹೋದ ಭಾನುವಾರ ನಾನು ಊಟದ ಬುತ್ತಿ ಹಿಡಿದು ಹೋದಾಗ ಬಾಯಿಬಿಟ್ಟ. "ಆ ಕಲ್ಲು ನಾನು ಎಸೆದಿದ್ದು," ಎಂದ. ಎನೋಕ್ ಕುದುರೆಯ ಬೆನ್ನು ಉಜ್ಜುತ್ತಿದ್ದವನು ತಲೆ ಎತ್ತಲಿಲ್ಲ. "ಗೊತ್ತು ಕಣೋ. ಆ ಬಕೆಟ್ ಈ ಕಡೆ ಕೊಡು," ಎಂದ.