ಸಾರಿನ ಹಂಡೆ ತೊಳೆದ ಸೊಸೆ

ಛಾತಾವಾಲಾ ಗಲ್ಲಿ, ಕಲ್ಕತ್ತಾ
೨೪ ಫೆಬ್ರವರಿ ೧೯೯೧

ಪ್ರೀತಿಯ ಯೂನ್-ಮೋಯ್‌ಗೆ,

ಅತ್ತಿಗೆಯ ಆಶೀರ್ವಾದಗಳು. ನಮ್ಮ ಚೀನೀ ಹೊಸ ವರ್ಷಕ್ಕೆಂದು ನೀನು ಡಾರ್ಜಿಲಿಂಗ್‌ನಿಂದ ಕಳಿಸಿದ ಒಣ ಅಣಬೆ ಹಬ್ಬಕ್ಕೆ ಮೊದಲೇ ತಲುಪಿತು. ಉತ್ತರ ತಡವಾಯಿತು, ಬೈದುಕೊಳ್ಳಬೇಡ ಮಾರಾಯ್ತಿ. ಹೋಟೆಲಿನವರ ಹಬ್ಬವೆಂದರೆ ಊರಿಗೆಲ್ಲ ಉಣಬಡಿಸಿ ತಾವು ನಿಂತೇ ಎರಡು ತುತ್ತು ನುಂಗುವುದು. ನಿನ್ನದೂ ಅದೇ ಪಾಡಲ್ಲವೇ?

ಇಲ್ಲಿ ಎಲ್ಲರೂ ಕ್ಷೇಮ. ಭಾನುವಾರದ ಬೆಳಗಿನ ಬಜಾರಿನಲ್ಲಿ ನಮ್ಮ ಹಂದಿಮಾಂಸದ ಬನ್ನು ಬಿಸಿಲೇರುವ ಮೊದಲೇ ಖಾಲಿಯಾಗುತ್ತಿದೆ. ಮಗ ಆ-ಫೂಕ್ ಮದುವೆಯಾದ ಮೇಲೆ ಕೊಂಚ ಮೈತುಂಬಿಕೊಂಡಿದ್ದಾನೆ. ಸೊಸೆ ಸು-ಫೆನ್ ಬಗ್ಗೆ ನೀನು ಕೇಳಿದ್ದೆಯಲ್ಲ. ಹಲ್ಲಿನ ಡಾಕ್ಟರ ಮಗಳಲ್ಲವೇ, ಕಂಡದ್ದನ್ನೆಲ್ಲ ಉಜ್ಜುತ್ತಾಳೆ. ಅವಳ ತವರಿನ ಚೀನೀ ಮಾತು ನಮಗೆ ತಿಳಿಯದು, ನಮ್ಮ ಹಕ್ಕಾ ಮಾತು ಅವಳಿಗೆ ತಿಳಿಯದು. ಅತ್ತೆ-ಸೊಸೆ ಇಬ್ಬರೂ ಬಂಗಾಳಿಯಲ್ಲೇ ಸಂಸಾರ ತೂಗಿಸುತ್ತಿದ್ದೇವೆ. ಆದರೂ ಒಳ್ಳೆಯ ಹುಡುಗಿ ಕಣೇ, ನನಗೆ ಅವಳ ಮೇಲೆ ಪ್ರಾಣ.

ಈಗ ನಿನ್ನನ್ನು ಒಂದು ಕೇಳಬೇಕು. ಮದುವೆಯಾಗಿ ಹೋಗುವಾಗ ನಿಮ್ಮಪ್ಪನ ಸಾರನ್ನು ಜಾಡಿಯಲ್ಲಿ ಒಯ್ದೆಯಲ್ಲ, ಅದು ಇನ್ನೂ ನಿನ್ನ ಒಲೆಯ ಮೇಲೆ ಕುದಿಯುತ್ತಿದೆ ತಾನೆ? ಇಲ್ಲಿಯದು ಹೋಯಿತು. ಗಾಬರಿಯಾಗಬೇಡ, ಹೇಳುತ್ತೇನೆ.

ಹಬ್ಬದ ಹಿಂದಿನ ದಿನ ಹೋಟೆಲು ಮುಚ್ಚಿ ಮನೆಯೆಲ್ಲ ತೊಳೆದು ಬಳಿಯುವುದು ಇದ್ದದ್ದೇ. ನಾನೂ ನಿಮ್ಮಣ್ಣನೂ ದೇವಸ್ಥಾನಕ್ಕೆ ಹೋಗಿದ್ದೆವು. ಅವರು ಗಲ್ಲಿಯ ಬಾಯಲ್ಲೇ ಹರಟೆಗೆ ನಿಂತರು, ನಾನು ಒಳಗೆ ಬಂದೆ. ಬಂದರೆ, ಸಾರಿನ ಹಂಡೆ ಕನ್ನಡಿಯ ಹಾಗೆ ಫಳಫಳ! ಸು-ಫೆನ್ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡವರ ಠೀವಿಯಲ್ಲಿ ಪಕ್ಕದಲ್ಲಿ ನಿಂತಿದ್ದಳು.

"ನೋಡಿ ಅತ್ತೆ, ತಳದಲ್ಲಿ ಎಷ್ಟು ಜಿಡ್ಡಿತ್ತು ಅಂತೀರಾ! ನನ್ನ ಕೈಯೇ ಬಿದ್ದುಹೋಯ್ತು."

"ಒಳಗಿದ್ದಿದ್ದು ಏನ್ಮಾಡ್ದೆ?"

"ಮೋರಿಗೆ ಚೆಲ್ದೆ. ಎಷ್ಟು ದಿನದ್ದೋ ಏನೋ, ಕಪ್ಪಗೆ ಇತ್ತು."

ಎಷ್ಟು ದಿನದ್ದೋ ಅಂತೆ! ನಿಮ್ಮಪ್ಪ ಹಡಗಿನಿಂದಿಳಿದು ಮೊದಲ ಒಲೆ ಹಚ್ಚಿದಾಗಿನದು. ಬಾತುಕೋಳಿ, ಹಂದಿ ಕಾಲು, ಮೊಟ್ಟೆ, ಎಲ್ಲ ಅದರಲ್ಲೇ ಬೆಂದು, ದಿನದಿನವೂ ನೀರು ಮಸಾಲೆ ಕುಡಿದು ಬದುಕಿದ್ದು. ಅದನ್ನೇ ಅವಳಿಗೆ ಹೇಳಿದೆ. ವಿಷಯ ತಿಳಿದಾಗ ಹುಡುಗಿಯ ಮುಖದಲ್ಲಿ ರಕ್ತವೇ ಇಲ್ಲ. ಕೇಳದೆ ಹಂಡೆಗೆ ಸೌಟು ಹಾಕಿದನೆಂದು ಸ್ವಂತ ಮಗನನ್ನೇ ಊಟದಿಂದ ಎಬ್ಬಿಸಿದವರು ನಿಮ್ಮಣ್ಣ. ಈ ಸಂಬಂಧಕ್ಕೂ "ಹಲ್ಲು ಕೀಳೋರ ಮನೆ ಹುಡುಗಿಗೆ ನಮ್ಮ ಒಲೆ ಹತ್ರ ಏನು ಕೆಲಸ?" ಎಂದು ಅಡ್ಡಗಾಲು ಹಾಕಿದ್ದರು.

"ಮಾವ ನನ್ನನ್ನ ಅಪ್ಪನ ಮನೆಗೆ ಕಳಿಸಿಬಿಡ್ತಾರೆ ಅಲ್ವಾ ಅತ್ತೆ?" ಎಂದು ಅಳತೊಡಗಿದಳು.

"ಅಳೋದು ಆಮೇಲೆ ಇಟ್ಕೋ. ಮೊದಲು ಒಲೆ ಹಚ್ಚು," ಎಂದೆ.

ಮೂಳೆ, ಸೋಯಾ ಸಾಸು, ಚಕ್ಕೆ, ಚಕ್ರಮೊಗ್ಗು, ಒಣಗಿದ ಕಿತ್ತಳೆ ಸಿಪ್ಪೆ, ಕಲ್ಲುಸಕ್ಕರೆ, ಎಲ್ಲ ಸುರಿದು ಕುದಿಸಿದೆವು. ಪುಣ್ಯಕ್ಕೆ ಒಲೆಯ ದೇವರು ನಮ್ಮ ಮನೆಯ ವರ್ಷದ ವರದಿ ಒಪ್ಪಿಸಲು ಆಗಲೇ ಸ್ವರ್ಗಕ್ಕೆ ಹೋಗಿದ್ದ, ಇಲ್ಲದಿದ್ದರೆ ಅವನೇ ಚಾಡಿ ಹೇಳಿಬಿಡುತ್ತಿದ್ದ. ಬಣ್ಣ ಬಂತು, ಘಮವೂ ಬಂತು. ಆದರೆ ಅಷ್ಟು ವರ್ಷದ ವಯಸ್ಸನ್ನು ನಾನು ಎಲ್ಲಿಂದ ತರಲಿ? ನಾಲಿಗೆಗಿಟ್ಟರೆ ನಿನ್ನೆ ಮೊನ್ನೆ ಹುಟ್ಟಿದ ಕೂಸು ಅಂತ ಕುರುಡನಿಗೂ ಗೊತ್ತಾಗುತ್ತಿತ್ತು.

ಮರುದಿನ ಸಂಜೆ ಹಬ್ಬದೂಟಕ್ಕೆ ಎಲ್ಲರೂ ಕೂತೆವು. ಬಾತುಕೋಳಿಯ ಮೊದಲ ತುಂಡು ಮನೆಯ ಯಜಮಾನರಿಗೆ. ಮೇಜಿನ ಕೆಳಗೆ ನಾನು ಸು-ಫೆನ್ ಕೈ ಹಿಡಿದುಕೊಂಡಿದ್ದೆ, ಮಂಜುಗಡ್ಡೆಯಂತಿತ್ತು. ನಿಮ್ಮಣ್ಣ ತುಂಡನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು.

"ಹೂಂ," ಎಂದರು. "ಅಪ್ಪನ ಕೈರುಚಿ ಹಾಗೇ ಇದೆ. ಸೊಸೆಗೂ ಒಂದು ತುಂಡು ಹಾಕು, ಯಾಕೋ ಬಿಳಿಚಿಕೊಂಡಿದಾಳೆ."

ನಗು ತಡೆಯಲಾರದೆ ನಾವಿಬ್ಬರೂ ಅಡುಗೆಮನೆಗೆ ಓಡಿದೆವು. ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ನಕ್ಕಳೋ ಅತ್ತಳೋ ಆ ದೇವರಿಗೇ ಗೊತ್ತು. ಅಂದಿನಿಂದ ಮಾವ ಅವಳಿಗೆ ಬಾತುಕೋಳಿ ಕತ್ತರಿಸುವುದನ್ನು ಕಲಿಸುತ್ತಿದ್ದಾರೆ, ಬೈಗುಳದ ಸಮೇತ.

ಗಿರಾಕಿಗಳು ಮಾತ್ರ ಬಿಡುತ್ತಾರೆಯೇ? ಚಪ್ಪಲಿ ಅಂಗಡಿಯ ಲ್ಯಾವ್ ಮಾವ ಒಂದು ತುತ್ತಿಗೇ ಬಟ್ಟಲು ದೂಡಿದರು. "ಏನಮ್ಮಾ, ಸಾರು ಬದಲಾಯಿಸಿದ್ಯಾ?"

"ಸಾರು ಅದೇ ಮಾವ, ನಿಮ್ಮ ಹಲ್ಲಿನ ಸೆಟ್ಟು ಹೊಸದು."

"ಆ ಸೆಟ್ಟು ಕಟ್ಟಿದ್ದು ನಿಮ್ಮ ಬೀಗರೇ ಕಣಮ್ಮ!"

ಹೀಗೆ ಎಷ್ಟು ದಿನ ತಳ್ಳಲಿ? ಏಪ್ರಿಲ್‌ನಲ್ಲಿ ಹಿರಿಯರ ಸಮಾಧಿ ಗುಡಿಸಿ ಪೂಜಿಸಲು ಹೇಗೂ ಬರುತ್ತೀಯಲ್ಲ, ಒಂದು ಜಾಡಿ ಸಾರು ತಾ. ರೈಲಿನಲ್ಲಿ ಯಾರ ಕೈಗೂ ಕೊಟ್ಟು ಕಳಿಸಬೇಡ, ನೀನೇ ಮಡಿಲಲ್ಲಿಟ್ಟುಕೊಂಡು ಬಾ. ಸು-ಫೆನ್ ಜಾಡಿಗೆ ಕೈಮುಗಿದು ಬರಮಾಡಿಕೊಳ್ಳುತ್ತಾಳಂತೆ.

ನಿನ್ನ ಮಕ್ಕಳ ಹೊಟ್ಟೆ ತಣ್ಣಗಿರಲಿ, ನಿನ್ನ ಒಲೆ ಆರದಿರಲಿ.

ನಿನ್ನ ಅತ್ತಿಗೆ,
ನ್ಯೂಕ್-ಯಿನ್

ಮರೆತದ್ದು: ಮರೆತದ್ದಲ್ಲ ಯೂನ್-ಮೋಯ್, ಬರೆಯಲು ಧೈರ್ಯ ಬಂದಿರಲಿಲ್ಲ. ಮೇಲಿನದನ್ನು ಓದಿ ನೀನು ನಕ್ಕಿರುತ್ತೀಯ. ನಾನೂ ಆ ರಾತ್ರಿ ನಕ್ಕೆ, ಮಲಗಿದ ಮೇಲೆ ನಗು ನಿಂತುಹೋಯಿತು. ಬಾಗಿಲಲ್ಲಿ ನಿಂತೇ "ಶುಂಠಿ ಹಳೇದು" ಅನ್ನುತ್ತಿದ್ದ ಮನುಷ್ಯನಿಗೆ ತನ್ನ ಅಪ್ಪನ ಸಾರು ಹೇಗೆ ತಿಳಿಯಲಿಲ್ಲ? ತಿಳಿದೂ ಹುಡುಗಿಯ ಮುಖ ನೋಡಿ ಸುಮ್ಮನಾದರೇನೋ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೆ ಜನವರಿಯಲ್ಲಿ ಅವರಿಗೆ ಬಂದು ಊಟವೇ ರುಚಿಸದಂತೆ ಮಾಡಿದ್ದ ಆ ಕೆಟ್ಟ ಜ್ವರದ ನೆನಪು ಬಿಡಲಿಲ್ಲ. ನಿನ್ನೆ ಬೆಳಿಗ್ಗೆ ನಾನು ಬೇಕೆಂದೇ ಅವರ ಗಂಜಿಗೆ ಉಪ್ಪನ್ನೇ ಹಾಕಲಿಲ್ಲ. ಎದುರು ಕೂತು ನೋಡಿದೆ. ನಾನು ಸೊಸೆಯಾಗಿ ಬಂದಾಗಿನಿಂದ ನನ್ನ ಗಂಜಿಗೆ ಒಂದಲ್ಲ ಒಂದು ಕೊಂಕು ತೆಗೆಯದೆ ಎದ್ದವರಲ್ಲ. ನಿನ್ನೆ ಬಟ್ಟಲು ಖಾಲಿ ಮಾಡಿ, ನನ್ನ ಮುಖವನ್ನೇ ನೋಡುತ್ತಾ, ಪರೀಕ್ಷೆ ಬರೆದ ಹುಡುಗನ ಹಾಗೆ ಹೆದರಿ ಹೆದರಿ ಹೇಳಿದರು: "ಗಂಜಿ ಇವತ್ತು ಬಹಳ ಚೆನ್ನಾಗಿದೆ, ನ್ಯೂಕ್-ಯಿನ್."

ಆ ಮಾತೊಂದನ್ನು ಕೇಳಬೇಕೆಂದು ಇಷ್ಟು ವರ್ಷ ಕಾದಿದ್ದೆ ಕಣೇ.