ಕದಿರೇಶನಿಲ್ಲದ ಲೋಕಗಳು

ಬೈರಕೂರು
೧೨ ಜನವರಿ ೨೦೨೫

ಚಿ. ಮಾನಸಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಪ್ರಬಂಧ ಕೈಸೇರಿ ತಿಂಗಳಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ಕಾಲೇಜಿನಲ್ಲಿ ಉತ್ತರಪತ್ರಿಕೆ ತಿದ್ದುವುದು, ಇಲ್ಲಿ ಟೊಮೇಟೊ ಗಿಡಕ್ಕೆ ಕೋಲು ನೆಟ್ಟು ದಾರ ಕಟ್ಟುವುದು, ಎರಡೂ ಒಟ್ಟಿಗೇ ಬಂದವು. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಮ್ಮ ಪಕ್ಕದಲ್ಲೇ ಇರುತ್ತಾಳೆ.

ಭೌತಶಾಸ್ತ್ರದ ಮೇಷ್ಟ್ರಾದ ನನಗೇ ನಿನ್ನ ಗಣಿತ ಅರ್ಧ ತಲೆಗೆ ಹತ್ತಲಿಲ್ಲ. ಸಾರ ಮಾತ್ರ ತಿಳಿಯಿತು. ಸುರುಳಿ ಸುತ್ತಿಕೊಂಡ ಆರು ಆಯಾಮಗಳಿವೆ, ಅವುಗಳ ಗಾತ್ರ ಆಕಾರಗಳನ್ನು ಯಾವುದಾದರೂ ಹಿಡಿದು ನಿಲ್ಲಿಸದಿದ್ದರೆ ಅವು ಜಾರುತ್ತಲೇ ಹೋಗುತ್ತವೆ. ಒಳಗೆ ಸುತ್ತಿಕೊಂಡ ಫ್ಲಕ್ಸ್, ಅಂದರೆ ಬಲರೇಖೆಗಳ ಕಟ್ಟು, ಅವನ್ನು ಬಿಗಿದು ನಿಲ್ಲಿಸುತ್ತದೆ. ಎಷ್ಟು ಸುತ್ತು ಎಂಬುದರ ಮೇಲೆ ಒಂದೊಂದು ಬೇರೆ ನಿರ್ವಾತ, ಒಂದೊಂದು ಬೇರೆ ಲೋಕ. ಸರಿ ತಾನೆ?

ದಾರ ಕಟ್ಟುತ್ತಾ ಇದನ್ನೇ ನಿಮ್ಮಮ್ಮನಿಗೆ ಹೇಳಿದೆ. ಹೀಗೆ ಸುತ್ತಿದರೆ ಗಿಡ ಹೀಗೆ ನಿಲ್ಲುತ್ತದೆ, ಹಾಗೆ ಸುತ್ತಿದರೆ ಹಾಗೆ. ಅಂಥ ಲೋಕಗಳು ಎಣಿಸಲಾಗದಷ್ಟು ಸಾಧ್ಯ ಅಂದೆ. ಅವಳ ಕೈ ನಿಂತಿತು.

“ಹಂಗಾದ್ರೆ ಒಂದ್ರಲ್ಲಾದ್ರೂ ನಮ್ಮ ಕದಿರೇಶ ಇರ್ತಾನಲ್ವೇನ್ರೀ?”

ನಿನ್ನ ತಮ್ಮ ನಂಗಲಿ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಹೋದ ಮೇಲೆ ಅವಳು ಅವನ ಹೆಸರೆತ್ತಿದ್ದು ಅದೇ ಮೊದಲು. ನನ್ನ ಮೇಷ್ಟ್ರು ಬುದ್ಧಿ ಸುಮ್ಮನಿರಬೇಕಲ್ಲ.

“ಇಲ್ಲ ಕಣೇ. ಅಲ್ಲಿ ಎಲೆಕ್ಟ್ರಾನಿನ ತೂಕಾನೇ ಬೇರೆ. ನೀರೂ ಇರಲ್ಲ, ಮನುಷ್ಯರೂ ಇರಲ್ಲ. ಇನ್ನು ಅವನೆಲ್ಲಿರ್ತಾನೆ?” ಅಂದುಬಿಟ್ಟೆ.

“ನೀವು ಹೋಗಿ ನೋಡ್ಕೊಂಡು ಬಂದ್ರಾ?” ಅಂದಳು. ನಾನು ದಾರದ ಉಂಡೆ ಹುಡುಕುವವನಂತೆ ಆಚೆ ಸಾಲಿಗೆ ಹೋದೆ.

ಯುಗಾದಿಗೆ ಬಂದಾಗ ನಿನ್ನನ್ನೂ ಇದನ್ನೇ ಕೇಳಿಯಾಳು. ನೀನು ಇದ್ದದ್ದನ್ನು ಇದ್ದ ಹಾಗೆ ಹೇಳುವವಳು, ನಾನೇ ಹಾಗೆ ಬೆಳೆಸಿದ್ದು. ಈ ಒಂದು ಸಲ ‘ಇಲ್ಲ’ ಅನ್ನಬೇಡ, ‘ಗೊತ್ತಿಲ್ಲ’ ಅನ್ನು. ಅದೇನೂ ಸುಳ್ಳಲ್ಲ. ಆ ನಿರ್ವಾತಗಳು ನಿಜಕ್ಕೂ ಇವೆಯೇ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ ಎಂದು ನೀನೇ ಕೊನೆಯಲ್ಲಿ ಬರೆದಿದ್ದೀಯ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹಿಡಿದ ಕೆಲಸ ಕೈಗೂಡಲಿ, ನೂರು ವರ್ಷ ಬಾಳು.

ನಿನ್ನ ಅಪ್ಪ,
ಮುರಳಿಮೋಹನ್

ತಾ.ಕ.: ನಿಮ್ಮಮ್ಮ ನಿನ್ನನ್ನು ಏನೂ ಕೇಳುವುದಿಲ್ಲ, ಮಗಳೇ. ಮಾರನೆಯ ದಿನವೇ “ಹೋಗ್ಲಿ ಬಿಡ್ರೀ, ಹೋದೋನು ಹೋದ. ನೀವು ಮೊದ್ಲು ಊಟ ಮಾಡಿ” ಅಂದಳು. ಯುಗಾದಿಗೆ ನಿನ್ನನ್ನು ಕೇಳುವವನು ನಾನು. ಗೊತ್ತಿಲ್ಲ ಅನ್ನು.