ವೈನಿ ಓದಿದ ಮೋಟಾರ ಪುಸ್ತಕ

ಕಣಗಲಾದಲ್ಲಿ ಹುಟ್ಟಿ, ಮೂಡಲಗಿಯ ನಮ್ಮ ಮನೆ ಬೆಳಗಿ, ಶಿವನ ಪಾದ ಸೇರಿದ ವೈನಿ ಗಂಗವ್ವನವರಿಗೆ ಮೈದುನ ಬಸಪ್ಪನ ಶರಣು.

ನಾನು ಆರಾಮವಾಗಿದ್ದೇನೆ. ಈಗೀಗ ಮುಂಬಯಿಯ ಮೋಟಾರು ಸಾಹೇಬರು ನನ್ನನ್ನು ಕೇಳದೆ ಒಂದು ಗಾಲಿಯನ್ನೂ ಜೋಡಿಸುವುದಿಲ್ಲ. ಮೊನ್ನೆ ಕೂಡ ತಾರು ಬಂದಿತ್ತು: ಬಸಪ್ಪನವರೇ, ಮುಂದಿನ ಮೋಟಾರಿಗೆ ನಾಲ್ಕು ಗಾಲಿ ಸಾಕೋ, ಐದು ಬೇಕೋ? ಸದ್ಯ ನಾಲ್ಕೇ ಇರಲಿ ಎಂದು ಬರೆದು ಹಾಕಿದೆ. ನೀವು ಅಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದೀರಿ, ನನಗೆ ಗೊತ್ತು. ನಗಿರಿ. ನೀವು ಹೋದ ಮೇಲೆ ನನ್ನ ಬಡಾಯಿಗೆ ಜನ ತಲೆಯಾಡಿಸುತ್ತಾರೆ, ಇಲ್ಲವೆ ಎದ್ದು ಹೋಗುತ್ತಾರೆ. ನಿಮ್ಮ ಹಾಗೆ ನಗುತ್ತ ಪೂರ್ತಿ ಕೇಳುವವರು ಯಾರಿದ್ದಾರೆ?

ಆ ಮೋಟಾರು ನಮ್ಮ ಬಾಗಿಲಿಗೆ ಬಂದ ದಿನ ನೆನಪಿದೆಯೇ? ಬೆಳಗಾವಿಯ ಏಜೆಂಟನ ಆಳು ಅದನ್ನು ತಂದು ನಿಲ್ಲಿಸಿ, ಎರಡು ದಿನ ಕಲಿಸಿದಂತೆ ಮಾಡಿ, ಒಂದು ಪುಸ್ತಕ ಕೈಗಿಟ್ಟು ಹೊರಟುಹೋದ. "ಎಲ್ಲಾ ಇದರಾಗ ಐತ್ರಿ" ಅಂದ. ಪುಸ್ತಕ ನೋಡಿದರೆ ಮರಾಠಿ! ನನ್ನದು ಕನ್ನಡ ಸಾಲಿಯ ನಾಲ್ಕನೇ ಇಯತ್ತೆ. ಮರಾಠಿಯ ಬಾಳಬೋಧ ಅಕ್ಷರ ಕೂಡಿಸಿ ಕೂಡಿಸಿ ಓದಬಲ್ಲೆ, ಅರ್ಥ ಮಾತ್ರ ದೇವರಿಗೇ ಪ್ರೀತಿ. ಅಣ್ಣ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ತೀರ್ಪು ಕೊಟ್ಟೇಬಿಟ್ಟರು.

"ಎಣ್ಣಿ ಅಂಗಡಿ ಆತು. ಬ್ಯಾಸಗ್ಯಾಗ ಕಂಬಳಿ ಮಾರೂದೂ ಆತು. ಇದು ಕಡೀದು, ಬಸು. ನಮ್ಮಿಬ್ಬರನ್ನೂ ಕಣಗಲಾಕ ಕರಕೊಂಡ ಹೋಗಿ ತಿರುಗಿ ತಂದ ಬಿಡು. ದಾರ್ಯಾಗ ಒಮ್ಮೆ ನಗಗೇಡ ಮಾಡಿದ್ರೂ ಮೋಟಾರ ಬೆಳಗಾವಿಗಿ ವಾಪಸ್, ನೀ ಹೊಲಕ್ಕ."

ಹೊಲವೆಂದರೆ ನನಗೆ ಎಷ್ಟು ಪ್ರೀತಿ ಎಂಬುದು ನಿಮಗೆ ಗೊತ್ತೇ ಇದೆ. ಕುಂಟೆ ಹಿಡಿದರೆ ಸಾಲು ನಾಗರಹಾವಿನಂತೆ ಹೋಗುತ್ತಿತ್ತು.

ಬೆಳಗಿನ ಹೊತ್ತು ನೀವು ರೊಟ್ಟಿ ಬಡಿಯುತ್ತಿದ್ದಾಗ ನಾನು ಒಲೆಯ ಬಾಜೂ ಕೂತು, ಹಿಟ್ಟಿನ ಡಬ್ಬಿಗೆ ಪುಸ್ತಕ ಆನಿಸಿ ಹಾಳೆ ತಿರುವುತ್ತಿದ್ದೆ. ಕಣಗಲಾದ ಗಾಳಿಯಲ್ಲೇ ಅರ್ಧ ಮರಾಠಿ. ನೀವು ಅದನ್ನು ತವರಿನ ಕಾಗದ ಓದಿದ ಹಾಗೆ ಓದುತ್ತಿದ್ದಿರಿ. ಆದರೆ ಓದಿದ್ದನ್ನು ಹಾಗೇ ಹೇಳಿದ್ದು ಎಂದಾದರೂ ಉಂಟೆ? ಮೋಟಾರು ಚಾಲೂ ಮಾಡಲು ಹ್ಯಾಂಡಲ್ ತಿರುಗಿಸುವ ಪುಟ ಬಂದಾಗ, "ಹೆಬ್ಬಟ್ಟ ಸುತ್ತಿ ಹಿಡೀಬ್ಯಾಡ. ಇದು ಬೀಸೂಕಲ್ಲಿನ ಗೂಟ ಅಲ್ಲ, ಒದಿತೈತಿ" ಎಂದಿರಿ. ನಾನು ಸುತ್ತಿಯೇ ಹಿಡಿದೆ. ಅದು ಒದ್ದೇ ಒದೆಯಿತು. ಬಿಸಿ ಇದ್ದಾಗ ನೀರಿನ ಮುಚ್ಚಳ ತೆಗೆಯಬಾರದು ಎಂಬಲ್ಲಿ, "ಕುದಿಯೂ ಎಸರಿಗಿ ಕೈ ಹಾಕಬಾರದಂತ ಪುಸ್ತಕದಾಗ ಬರೀಬೇಕೇನು? ಗಂಡಸರಿಗಂತ ಮಾಡಿದ ಪುಸ್ತಕ ಇರಬೇಕು, ಅದಕ್ಕ ಬರದಾರ" ಎಂದು ನಕ್ಕಿರಿ. ಹೊಸ ಗಾಡಿಯನ್ನು ಮೊದಮೊದಲು ಜೋರು ಓಡಿಸಬೇಡಿ ಎಂಬ ಪುಟಕ್ಕಂತೂ ನಿಮ್ಮ ಕೈಯಲ್ಲಿನ ರೊಟ್ಟಿಯೇ ನಿಂತಿತು.

"ಹೊಸಾ ಹೋರಿ ಪಳಗಿಸಿದಂಗ ಐತಲ್ಲೋ ಇದು! ಮೊದಲ ಹಗರ ಹೇರು, ಸಾವಕಾಶ ನಡಿಸು. ಹೆಗಲ ಗಟ್ಟಿ ಆಗಲಿ."

ಅಲ್ಲಿಯ ತನಕ ಆ ಮೋಟಾರು ನನಗೆ ಬರೀ ಕಬ್ಬಿಣ. ಆ ಮಾತಿನ ಮೇಲೆ ಅದರ ಮೈ ಸವರುವುದನ್ನು ಕಲಿತೆ.

ಕಣಗಲಾಕ್ಕೆ ಹೊರಡುವ ಹಿಂದಿನ ದಿನ ನಿಮಗೆ ತವರಿಗೆ ಒಯ್ಯುವ ಬುತ್ತಿ ಕಟ್ಟುವುದೇ ಆಯಿತು. ಕೊನೆಯ ಪುಟಗಳು ಉಳಿದವು. ಇಷ್ಟು ಕಲಿತವನಿಗೆ ಅಷ್ಟು ಬಾರದೇ ಎಂದು ಬೇವಿನ ಗಿಡದ ಕೆಳಗೆ ನಾನೇ ಕೂಡಿಸಿ ಓದಿದೆ. "ಧೋಕಾ ದಿಸತಾಚ ದಾಂಡಾ ಓಢಾ." ಆಹಾ, ಎಂಥ ಸರಳ ಭಾಷೆ! ಧೋಕಾ, ಅಂದರೆ ಅಪಾಯ, ಕಂಡ ಕೂಡಲೇ ದಾಂಡು ತಗೊಂಡು ಓಡು. ಕಂಪನಿಯವರು ಎಷ್ಟು ಶಾಣ್ಯಾರು ನೋಡಿರಿ, ಮೋಟಾರು ಹೋದರೂ ಜೀವ ಉಳಿಯಲಿ ಎಂದು ಬರೆದಿದ್ದಾರಲ್ಲ! ದಾಂಡು ಯಾಕೆ ಎಂದು ಒಂದು ಕ್ಷಣ ಅನುಮಾನ ಬಂತು. ದಾರಿಯಲ್ಲಿ ನಾಯಿ ಇರುತ್ತವೆ ಎಂದು ನಾನೇ ಸಮಾಧಾನ ಮಾಡಿಕೊಂಡೆ. ಮರುದಿನ ಒಂದು ಒಳ್ಳೆ ಜಾಲಿಯ ಬಡಿಗೆಯನ್ನು ಸೀಟಿನ ಬದಿಗೆ ಇಟ್ಟೆ.

"ಮೋಟಾರಿಗಿ ಬಾರಕೋಲ ಯಾಕೋ?" ಎಂದರು ಅಣ್ಣ.

"ಪುಸ್ತಕದಾಗ ಐತಿ, ಅಣ್ಣಾ."

ಅಣ್ಣ ನಿಮ್ಮ ಮುಖ ನೋಡಿದರು. ನೀವು ಆ ಪುಟ ಓದಿರಲಿಲ್ಲ, ಬುತ್ತಿಯ ಗಂಟು ಎತ್ತಿಕೊಂಡಿರಿ. ಓದಿ ಹೇಳುವವರು ಮುಂದೆ ಇರಬೇಕೆಂದು ನಿಮ್ಮನ್ನು ನನ್ನ ಪಕ್ಕ ಕೂಡ್ರಿಸಿ, ಅಣ್ಣ ಹಿಂದೆ ನಿಮ್ಮ ತವರಿಗೆಂದು ಹೇರಿದ ಬೆಲ್ಲದ ಪೆಂಟೆಗೆ ಒರಗಿದರು. ಹೆಂಗಸು ಮುಂದೆ, ಯಜಮಾನ ಹಿಂದೆ! ಗೋಕಾಕದ ಪೇಟೆಯಲ್ಲಿ ತಕ್ಕಡಿ ಹಿಡಿದವರು ತೂಕ ಮರೆತು ನಮ್ಮನ್ನೇ ನೋಡಿದರಲ್ಲ...

ಗೋಕಾಕ ದಾಟಿ ಗುಡ್ಡ ಏರಿ ಇಳಿಯತೊಡಗಿದಾಗ ಅಣ್ಣನ ಗೊರಕೆ ಕೇಳುತ್ತಿತ್ತು. ಚಕ್ಕಡಿಯಲ್ಲಿ ಮಲಗುವ ರೂಢಿಯ ಮನುಷ್ಯ. ನೀವು ತೊಡೆಯ ಮೇಲಿನ ಪುಸ್ತಕದ ಕೊನೆಯ ಪುಟ ತೆರೆದಿದ್ದಿರಿ. ಅಷ್ಟರಲ್ಲಿ ತಿರುವಿನಾಚೆ ದಾರಿಯ ತುಂಬ ಎಮ್ಮೆಗಳು. ಬ್ರೇಕು ಎಷ್ಟು ಒತ್ತಿದರೂ ಮೋಟಾರು ನನ್ನ ಕಾಲಿನ ಮಾತು ಕೇಳಲೊಲ್ಲದು. ನೀವು ಚೀರಿದಿರಿ: "ದಾಂಡಾ ಓಢಾ, ಬಸೂ! ಓಢಾ!"

ನಿಮ್ಮ ಮಾತು ಎಂದಾದರೂ ಮೀರಿದವನೇ ನಾನು? ಬಡಿಗೆ ಹಿಡಿದೆ, ಹಾರಿದೆ, ಓಡಿದೆ. ನೀವು ಇನ್ನೊಮ್ಮೆ "ಓಢಾ" ಎಂದಿರಿ, ನಾನು ಇನ್ನಷ್ಟು ಜೋರು ಓಡಿದೆ. ಜೋಳದ ಹೊಲದ ನಡುವೆ ಉಸಿರು ಹತ್ತಿ ತಿರುಗಿ ನೋಡಿದರೆ ಮೋಟಾರು ನಿಂತಿದೆ. ಅದರ ಮೂಗಿಗೂ ಎಮ್ಮೆಯ ಬಾಲಕ್ಕೂ ಒಂದು ಗೇಣು. ನೀವು ಎರಡೂ ಕೈಯಿಂದ ಸೀಟಿನ ನಡುವಿನ ಕೈಬ್ರೇಕಿನ ಕಬ್ಬಿಣದ ದಾಂಡಿಗೆ ಜೋತುಬಿದ್ದಿದ್ದಿರಿ.

"ಯಾಕ ನಿಂತ್ತು?" ಹಿಂದಿನಿಂದ ಅಣ್ಣನ ದನಿ.

ಮುಗಿಯಿತು ನನ್ನ ಕಥೆ. ಮೋಟಾರು ಹೋಯಿತು, ನಾನು ಹೊಲಕ್ಕೆ ಬಿದ್ದೆ. ಆಗಲೇ ಹೊಲದಲ್ಲೇ ನಿಂತಿದ್ದೆನಲ್ಲ!

"ಎಮ್ಮಿ ಅಡ್ಡ ಬಂದಿದ್ದೂರಿ," ಎಂದಿರಿ ನೀವು. "ಹೊಡಿಯಾಕ ಇಳದಾನ. ಅದಕ್ಕಂತನ ಬಡಿಗಿ ತಂದಾನ. ಪುಸ್ತಕದಾಗ ಹಂಗ ಬರದೈತಿ."

ಅಣ್ಣ ಎಮ್ಮೆಗಳ ಕಡೆ ಒಮ್ಮೆ ನೋಡಿ, "ಹಂಗಾರ ಖರೇನ ಓದ್ಯಾನ ಅಂತಾತು" ಎಂದು ಮತ್ತೆ ಕಣ್ಣು ಮುಚ್ಚಿದರು. ನಾನು ಉತ್ತರಕುಮಾರನ ಗತ್ತಿನಲ್ಲಿ ಎಮ್ಮೆಗಳನ್ನು ಬದಿಗೆ ಅಟ್ಟಿ ಬಂದು ಕೂತೆ. ನೀವು ಕೆಂಪಾದ ಅಂಗೈಗೆ ಸೆರಗು ಸುತ್ತಿಕೊಳ್ಳುತ್ತ ಪಿಸುಗುಟ್ಟಿದಿರಿ: "ಓಢಾ ಅಂದ್ರ ಜಗ್ಗು ಅಂತೋ, ಹುಚ್ಚಪ್ಪಾ. ಓಡು ಅಂತಲ್ಲ."

ಕಣಗಲಾದಲ್ಲಿ ನಿಮ್ಮ ಅವ್ವ ಮೋಟಾರಿಗೆ ಆರತಿ ಎತ್ತಿದರು. ತಿರುಗಿ ಮೂಡಲಗಿ ಮುಟ್ಟಿದಾಗ ಅಣ್ಣ ಇಳಿದು ಧೂಳು ಕೊಡವಿಕೊಂಡು, "ಇರಲಿ ಇದು" ಎಂದರು. ಅಷ್ಟೇ. ಆ ಎರಡು ಮಾತಿನ ಮೇಲೆ ನನ್ನ ಬದುಕು ನಿಂತಿತು, ವೈನಿ. ಮೂಡಲಗಿಯಿಂದ ಗೋಕಾಕಕ್ಕೆ, ಅಲ್ಲಿಂದ ಹುಕ್ಕೇರಿಗೆ ಸರ್ವಿಸು ಹಾಕಿದೆ. ಕಂಬಳಿ ಮಾರುವವನಿಗೆ ಹೆಣ್ಣು ಕೊಡಲೊಲ್ಲದ ಅಂಕಲಗಿಯ ಮಾವ, ಮೋಟಾರಿನವನಿಗೆ ತಾನೇ ಬಂದು ಕೊಟ್ಟ. ನನ್ನ ಮಕ್ಕಳು ಉಂಡ ಅನ್ನ ಆ ಗುಡ್ಡದ ಇಳಿಜಾರಿನಲ್ಲಿ ನೀವು ಜಗ್ಗಿ ಹಿಡಿದ ಅನ್ನ. ಇದನ್ನು ನೀವಿದ್ದಾಗ ಒಮ್ಮೆಯೂ ಹೇಳಲಿಲ್ಲ. ಹೇಳಹೋದರೆ ನೀವೇ, "ಸುಮ್ಮನಿರೋ, ಅವರಿಗೆ ಗೊತ್ತಾದ್ರ ಏನಂದಾರು? ಗಂಡನ ಮುಂದ ಸುಳ್ಳ ಹೇಳೇನಿ ನಾ" ಎಂದು ಬಾಗಿಲ ಕಡೆ ನೋಡುತ್ತಿದ್ದಿರಿ. ಮೊಮ್ಮಕ್ಕಳಾದ ಮೇಲೂ ಆ ಅಂಜಿಕೆ ನಿಮಗೆ ಹೋಗಲಿಲ್ಲ.

ಈಗ ಹೊಸ ಸುದ್ದಿ. ಯುದ್ಧ ಬಂದು ಪೆಟ್ರೋಲು ಚೀಟಿಯ ಮೇಲೆ ಅಷ್ಟಿಷ್ಟೇ ಸಿಗುತ್ತದೆ, ಮೋಟಾರು ಬೇವಿನ ಗಿಡದ ಕೆಳಗೆ ನಿಂತೇ ಇರುತ್ತದೆ. ಅಣ್ಣ ಸಂಜೆಗೊಮ್ಮೆ ಬಂದು ಅದರಲ್ಲಿ ಕೂಡುತ್ತಾರೆ. ಹಿಂದಲ್ಲ, ಮುಂದೆ, ನೀವು ಕೂತಿದ್ದಲ್ಲಿ. ಮೊನ್ನೆ ನಾನೂ ಹೋಗಿ ಕೂತೆ. ಅಣ್ಣ ಆ ದಾಂಡಿನ ಮೇಲೆ ಕೈಯಿಟ್ಟು ಬಾಯಿ ಬಿಟ್ಟರು.

"ಅವತ್ತ ನಾ ನಿದ್ದಿ ಮಾಡಿದ್ದಿಲ್ಲೋ, ಬಸು."

"ಯಾವತ್ತ, ಅಣ್ಣಾ?"

"ನೀ ಜ್ವಾಳದಾಗ ಹಾರಿದ್ಯಲ್ಲ, ಅವತ್ತ. ಆಕಿ ಚೀರಿದ್ದು ಕೇಳೇನಿ, ದಾಂಡಿಗೆ ಜೋತ ಬಿದ್ದದ್ದೂ ನೋಡೇನಿ."

"ಮತ್ತ... ಮೋಟಾರ ಯಾಕ ವಾಪಸ್ ಕಳಸಲಿಲ್ಲ?"

"ಅಷ್ಟ ವರ್ಸದ ಸಂಸಾರದಾಗ ಆಕಿ ನನ್ನ ಮುಂದ ಒಂದ ಸುಳ್ಳ ಹೇಳಿದಾಕಿ ಅಲ್ಲ. ಅವತ್ತ ನಿನ್ನ ಸಲುವಾಗಿ ಹೇಳಿದ್ಲು. ಅದೂ ನೆಟ್ಟಗ ಹೇಳಾಕ ಬರಲಿಲ್ಲ, ದನಿ ನಡಗತಿತ್ತು. ನಾ ಎಚ್ಚರಿದ್ದೆ ಅಂದಿದ್ರ ಆಕಿ ಮಾರಿ ಎಲ್ಲಿಡತಿದ್ಲು? ಅದಕ್ಕ ಕಣ್ಣ ಮುಚ್ಚಿದೆ."

ವೈನಿ, ಇನ್ನು ಅಂಜಬೇಡಿರಿ. ಅಣ್ಣ ನಾಳೆ ಅಲ್ಲಿಗೆ ಬಂದು ನಿಮ್ಮ ಎದುರು ಕೂತರೂ ಇದನ್ನು ತಾನಾಗಿ ಹೇಳುವ ಮನುಷ್ಯನಲ್ಲ. ಅದಕ್ಕೇ ನಾನು ಬರೆದೆ.